ಮೊದಲು ಕೆಂಪು ಬಾವುಟ, ಆಮೇಲೆ ಹಾರೆ
ಓದುಗರ ಪ್ರಶ್ನೆಗಳಿಗೆ ಉತ್ತರ: ಹಳಿ ಕೆಲಸದ ಸುರಕ್ಷತೆ

ಪ್ರಶ್ನೆ: ಹಳಿ ಪಕ್ಕದ ಚರಂಡಿ ಬಿಡಿಸುವ ಕೆಲಸಕ್ಕೆ ಊರಿನ ಹುಡುಗರನ್ನು ಕರೆದುಕೊಂಡಿದ್ದೇವೆ. ಯಾರಿಗೂ ರೈಲ್ವೆ ಕೆಲಸ ಮಾಡಿ ಗೊತ್ತಿಲ್ಲ. ಮೊದಲ ದಿನ ಏನು ಹೇಳಿಕೊಡಬೇಕು? (ಗುತ್ತಿಗೆ ಮೇಸ್ತ್ರಿ, ಅರಸಾಳು)

ಮೊದಲ ದಿನ ಅವರ ಕೈಗೆ ಗುದ್ದಲಿ ಕೊಡುವ ಮುಂಚೆ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿ. ಎರಡು ಹಳಿಗಳ ನಡುಮಧ್ಯದಿಂದ 3.5 ಮೀಟರಿಗೆ ಒಂದು, 6 ಮೀಟರಿಗೆ ಇನ್ನೊಂದು. ಜೆಸಿಬಿ, ಟ್ರ್ಯಾಕ್ಟರ್, ಟಿಪ್ಪರ್ ಯಾವುದೂ 6 ಮೀಟರಿನ ಗೆರೆ ದಾಟಿ ಒಳಗೆ ಬರಕೂಡದು. ಬರಲೇಬೇಕಾದರೆ ರೈಲ್ವೆ ಸಿಬ್ಬಂದಿ ಸ್ಥಳದಲ್ಲಿ ನಿಂತಿರಬೇಕು. 3.5 ಮೀಟರಿನ ಒಳಗೆ ಬ್ಲಾಕ್ (ಗಾಡಿ ಬಿಡದಂತೆ ಸ್ಟೇಷನ್ನಿನಿಂದ ಪಡೆದ ಬಿಡುವು) ಮತ್ತು ಬಾವುಟಗಳ ರಕ್ಷಣೆ ಇಲ್ಲದೆ ಕೆಲಸವೇ ಇಲ್ಲ. ಗೆರೆ ಮಳೆಗೆ ತೊಳೆದುಹೋಗುತ್ತದೆ, ಆದ್ದರಿಂದ ಬಿದಿರಿನ ಗೂಟ ನೆಟ್ಟು ಹಗ್ಗ ಕಟ್ಟಿಬಿಡಿ.

ಎರಡನೆಯದು, ನಮ್ಮದು ಒಂಟಿ ಹಳಿ ಎಂಬುದು ಹುಡುಗರ ತಲೆಯಲ್ಲಿ ಕೂರಬೇಕು. ಗಾಡಿ ಶಿವಮೊಗ್ಗದ ಕಡೆಯಿಂದಲೂ ಬರಬಹುದು, ತಾಳಗುಪ್ಪದ ಕಡೆಯಿಂದಲೂ ಬರಬಹುದು. ಊರಿನವರಿಗೆ ಪ್ಯಾಸೆಂಜರ್ ಗಾಡಿಗಳ ಹೊತ್ತು ಬಾಯಿಪಾಠ. ಅದೇ ಮೋಸ ಮಾಡುವುದು! ಬರಿ ಎಂಜಿನ್, ತಂತಿ ರಿಪೇರಿಯ ಟವರ್ ವ್ಯಾಗನ್, ತಪಾಸಣೆಯ ಗಾಡಿ ಇವು ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಜೊತೆಗೆ ಈಗಿನ ವಿದ್ಯುತ್ ಎಂಜಿನ್ ಡೀಸೆಲ್ ಎಂಜಿನ್ನಿನಂತೆ ದೂರದಿಂದಲೇ ಗುಡುಗುವುದಿಲ್ಲ. ಮಳೆಯ ಸದ್ದಿನಲ್ಲಿ, ತಲೆಗೆ ಕೊಪ್ಪೆ ಹಾಕಿಕೊಂಡವನಿಗೆ ಅದು ಹತ್ತಿರ ಬರುವ ತನಕ ಕೇಳುವುದೇ ಇಲ್ಲ. ಕೊಪ್ಪೆಯಾಗಲಿ ರೇನ್‌ಕೋಟಾಗಲಿ, ಕಿವಿ ಮುಚ್ಚಬಾರದು.

ಮೂರನೆಯದು, ತಲೆಯ ಮೇಲಿನ ತಂತಿ. ಅದರಲ್ಲಿ 25,000 ವೋಲ್ಟ್ ಇದೆ. ದೇಹದ ಯಾವ ಭಾಗವೂ, ಕೈಯಲ್ಲಿರುವ ಯಾವ ವಸ್ತುವೂ ಅದಕ್ಕೆ 2 ಮೀಟರಿಗಿಂತ ಹತ್ತಿರ ಹೋಗಬಾರದು. ಹಾರೆಯನ್ನು ಹೆಗಲ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಹೋಗುವುದು, ಹಸಿ ಗಳು ಎತ್ತಿ ಹಿಡಿಯುವುದು, ಲಾರಿಯ ಲೋಡಿನ ಮೇಲೆ ಹತ್ತುವುದು ಮೂರೂ ಬೇಡ. ಹಾರೆಯನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಹಾಕಿದರೆ ಟ್ರ್ಯಾಕ್ ಸರ್ಕ್ಯೂಟ್ (ಹಳಿಯಲ್ಲಿ ಹರಿಯುವ ಸಣ್ಣ ಕರೆಂಟಿನಿಂದ ಗಾಡಿ ಇದೆಯೇ ಎಂದು ಗುರುತಿಸುವ ಏರ್ಪಾಡು) ಇರುವ ಕಡೆ ಸಿಗ್ನಲ್ ಕೆಂಪಾಗಿ ಗಾಡಿ ನಿಲ್ಲುತ್ತದೆ. ಅದನ್ನೂ ಹೇಳಿಬಿಡಿ.

ಇನ್ನು ಸೀಟಿ ಊದುವವನ ವಿಷಯ. ಗಾಡಿ ನೋಡಲೆಂದು ನಿಲ್ಲಿಸಿದವನು ಗಾಡಿಯನ್ನಷ್ಟೇ ನೋಡಬೇಕು. ಹತ್ತು ಗಂಟೆಯ ಹೊತ್ತಿಗೆ ಆಳು ಸಾಲದೆಂದು ಅವನ ಕೈಗೂ ಪುಟ್ಟಿ ಕೊಡುವುದನ್ನು ಎಲ್ಲ ಕಡೆ ಕಾಣುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಅವನಿಗೆ ಬಿಡುವು ಬೇಕಾದರೆ ಬದಲಿ ಬಂದು ನಿಂತ ಮೇಲೆ ಹೋಗಲಿ, ಇಲ್ಲದಿದ್ದರೆ ಕೆಲಸ ನಿಲ್ಲಲಿ. ಸೀಟಿ ಕೇಳಿದಾಗ ಯಾವ ಬದಿಗೆ ಸರಿಯಬೇಕು ಎಂಬುದೂ ಮೊದಲೇ ಗೊತ್ತಿರಬೇಕು. ಎಲ್ಲರೂ ಒಂದೇ ಬದಿಗೆ, ಸಾಮಾನಿನ ಸಮೇತ. ಬಿಟ್ಟುಬಂದ ಬಾಣಲೆಗೆಂದು ಯಾರೂ ಹಿಂದಿರುಗಬಾರದು.

ಪ್ರಶ್ನೆ: ಕೆಲಸದ ಜಾಗದಿಂದ ಎಷ್ಟು ಮೀಟರ್ ದೂರದಲ್ಲಿ ಎಚ್ಚರಿಕೆ ಇಡಬೇಕೆಂದು ತರಬೇತಿಯಲ್ಲಿ '600, 1200' ಎಂದು ಉರು ಹೊಡೆಸುತ್ತಾರೆ. ಹೊಸ ಟ್ರ್ಯಾಕ್‌ಮನ್‌ಗಳು ಒಪ್ಪಿಸುತ್ತಾರೆ, ಆದರೆ ಲೈನಿಗೆ ಇಳಿದಾಗ ತಪ್ಪುತ್ತಾರೆ. ಹೇಗೆ ಕಲಿಸಬೇಕು? (ಹಳಿ ತಂಡದ ಒಬ್ಬ ಮೇಟ್, ಸಾಗರ)

ಸಂಖ್ಯೆ ಬಾಯಿಗೆ ಬಂದರೆ ಸಾಲದು, ಕಾಲಿಗೆ ಬರಬೇಕು. ಮೊದಲು ಯಾಕೆ ಎಂದು ಹೇಳಿ. ಗಂಟೆಗೆ 100 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. 1200 ಮೀಟರ್ ಅಂದರೆ 43 ಸೆಕೆಂಡು, ಅಷ್ಟೇ. ಅಂಥ ಗಾಡಿ ತುರ್ತು ಬ್ರೇಕ್ ಹಾಕಿದ ಮೇಲೂ ಕಿಲೋಮೀಟರಿನ ಆಸುಪಾಸು ಓಡಿಯೇ ನಿಲ್ಲುವುದು. ಆದ್ದರಿಂದ 800ಕ್ಕೆ ಡೆಟೊನೇಟರ್ (ಚಕ್ರ ಹತ್ತಿದಾಗ ಸಿಡಿದು ಚಾಲಕನನ್ನು ಎಚ್ಚರಿಸುವ ತಗಡಿನ ಡಬ್ಬಿ) ಇಟ್ಟು 'ಸುಮಾರು ಸರಿಹೋಯಿತು' ಅಂದವನು ಏನನ್ನೂ ಇಟ್ಟಂತಾಗಲಿಲ್ಲ.

ಒಂದು ದಿನದೊಳಗೆ ಮುಗಿಯುವ, ಗಾಡಿ ನಿಲ್ಲಿಸಲೇಬೇಕಾದ ಕೆಲಸಕ್ಕೆ ಬ್ರಾಡ್‌ಗೇಜಿನಲ್ಲಿ ವ್ಯವಸ್ಥೆ ಹೀಗೆ: ಕೆಲಸದ ಜಾಗದಿಂದ 30 ಮೀಟರಿನಲ್ಲಿ ಕೆಂಪು ಕೈಬಾವುಟ. 600 ಮೀಟರಿನಲ್ಲಿ ಹಳಿಗೆ ಅಡ್ಡಲಾಗಿ ಎರಡು ಕೋಲಿಗೆ ಬಿಗಿದ ಬ್ಯಾನರ್ ಬಾವುಟ, ಅಲ್ಲೂ ಒಬ್ಬ ಕೈಬಾವುಟದವನು. 1200 ಮೀಟರಿನಲ್ಲಿ ಹತ್ತತ್ತು ಮೀಟರ್ ಅಂತರಕ್ಕೆ ಮೂರು ಡೆಟೊನೇಟರ್, ಅವುಗಳಿಂದ 45 ಮೀಟರ್ ಸರಿದು ಇನ್ನೊಬ್ಬ. ಒಂಟಿ ಹಳಿಯಾದ್ದರಿಂದ ಇಷ್ಟೂ ಎರಡೂ ದಿಕ್ಕಿಗೆ ಬೇಕು. ಬ್ಲಾಕ್ ಇದೆ, ಸಿಗ್ನಲ್ ಕೆಂಪಿದೆ, ಇನ್ನೇಕೆ ಬಾವುಟ ಎಂದು ಕೇಳುವವರಿದ್ದಾರೆ. ಬ್ಲಾಕ್ ತೆಗೆದುಕೊಂಡದ್ದು ಒಂದು ಕಡೆ, ಕೆಲಸ ನಡೆದದ್ದು ಇನ್ನೊಂದು ಕಡೆ ಆಗುವುದುಂಟು. ಸ್ಟೇಷನ್ನಿಗೆ ಮಾತು ಅರ್ಧ ಕೇಳಿಸುವುದುಂಟು. ಬಾವುಟ ಆ ತಪ್ಪನ್ನು ಹಿಡಿಯುತ್ತದೆ.

ಅಳತೆಗೆ ಟೇಪ್ ಬೇಕಿಲ್ಲ. ಕಿಲೋಮೀಟರಿಗೆ 1660 ಸ್ಲೀಪರ್ (ಹಳಿಯಡಿಯ ಅಡ್ಡಪಟ್ಟಿ) ಹಾಕಿರುವ ಕಡೆ ಒಂದರಿಂದ ಇನ್ನೊಂದಕ್ಕೆ ಸುಮಾರು 60 ಸೆಂ.ಮೀ. ಹಾಗಾದರೆ 600 ಮೀಟರಿಗೆ ಸಾವಿರ ಸ್ಲೀಪರ್, 1200ಕ್ಕೆ ಎರಡು ಸಾವಿರ, ಡೆಟೊನೇಟರ್ ನಡುವಿನ 10 ಮೀಟರಿಗೆ 17. ಹೊಸಬರನ್ನು ಒಮ್ಮೆ ಎಣಿಸುತ್ತ ನಡೆಸಿ, ನೂರಕ್ಕೊಂದು ಕಲ್ಲು ಜೇಬಿಗೆ ಹಾಕಿಕೊಳ್ಳಲಿ. ಆಮೇಲೆ ತಮ್ಮ ಹೆಜ್ಜೆಯ ಲೆಕ್ಕ ತಾವೇ ಕಟ್ಟಿಕೊಳ್ಳುತ್ತಾರೆ. ವಿದ್ಯುತ್ ಕಂಬ ಎಣಿಸಿ ದೂರ ಹೇಳುವ ಚಾಳಿ ಬೇಡ. ನೇರ ದಾರಿಯಲ್ಲಿ ಎರಡು ಕಂಬಗಳ ನಡುವೆ 72 ಮೀಟರ್ ತನಕ ಇರುತ್ತದೆ, ತಿರುವಿನಲ್ಲಿ ಅದು ತುಂಬ ಕಡಿಮೆಯಾಗುತ್ತದೆ. ನಮ್ಮ ಕಾಡಿನ ದಾರಿಯಲ್ಲಿ ತಿರುವುಗಳಿಗೆ ಬರವಿಲ್ಲ, ಕಂಬ ನಂಬಿದವನು 1200ರ ಬದಲು 900ಕ್ಕೇ ನಿಂತಿರುತ್ತಾನೆ.

ಇಡುವ ಕ್ರಮವೂ ಮುಖ್ಯ. ಕೆಲಸದ ಜಾಗದಿಂದ ಹೊರಟು, ಕೆಂಪು ಬಾವುಟ ತೋರಿಸುತ್ತಲೇ ನಡೆದು, ಮೊದಲು 600ರದ್ದು, ಬಳಿಕ 1200ರದ್ದು. ನಡುದಾರಿಯಲ್ಲೇ ಗಾಡಿ ಕಂಡರೆ ಇದ್ದಲ್ಲೇ ಡೆಟೊನೇಟರನ್ನು ಹಳಿಗೆ ಬಿಗಿದು ದೂರ ಸರಿಯಬೇಕು. ಡೆಟೊನೇಟರನ್ನು ಹಳಿಯ ತಲೆಯ ಮೇಲೆ ಕೂರಿಸಿ, ಅದರ ತಗಡಿನ ಪಟ್ಟಿಗಳನ್ನು ಎರಡೂ ಬದಿಗೆ ಬಗ್ಗಿಸಿ ಅಪ್ಪಿಸಬೇಕು, ಹೆಸರು ಬರೆದ ಮುಖ ಮೇಲೆ. ಪಟ್ಟಿ ಸಡಿಲಬಿಟ್ಟರೆ ಚಕ್ರ ಅದನ್ನು ಸಿಡಿಸುವ ಬದಲು ತಳ್ಳಿಬಿಡುತ್ತದೆ. ಇಟ್ಟು ಅಲ್ಲೇ ನಿಲ್ಲುವುದು ಇನ್ನೊಂದು ತಪ್ಪು. ತಗಡಿನ ಚೂರು ಹಾರುತ್ತದೆ, 45 ಮೀಟರ್ ಎಂದದ್ದು ಅದಕ್ಕೇ.

ತೆಗೆಯುವುದು ಉಸ್ತುವಾರಿಯವರು ಲೈನ್ ನೋಡಿ ಹೇಳಿದ ಮೇಲೆಯೇ. 'ಕೆಲಸ ಆಯ್ತಂತೆ' ಎಂಬ ಕೂಗು ಕೇಳಿ 1200ರವನು ಡೆಟೊನೇಟರ್ ಕಿತ್ತುಕೊಂಡು ಬಂದಿರುತ್ತಾನೆ, ಇಲ್ಲಿ ಇನ್ನೂ ನಾಲ್ಕು ಸ್ಲೀಪರಿನ ಜಲ್ಲಿ ತುಂಬಿರುವುದಿಲ್ಲ. ಹಾಗೆ ಆಗಬಾರದು.

ಪ್ರಶ್ನೆ: ಮಳೆಗಾಲದ ರಾತ್ರಿ ಗಸ್ತಿನಲ್ಲಿ ಒಬ್ಬನೇ ಇರುವಾಗ ಧರೆ ಕುಸಿದದ್ದು ಕಂಡರೆ ಮೊದಲು ಫೋನ್ ಮಾಡಬೇಕೋ, ಹಳಿ ಕಾಯಬೇಕೋ? (ಸಕಲೇಶಪುರ)

ಮೊದಲು ಹಳಿ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿನಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ, 1:50ರ ಇಳಿಜಾರಿದೆ. ಬಹಳ ಕಡೆ ನೆಟ್‌ವರ್ಕೇ ಸಿಗುವುದಿಲ್ಲ, ಸಿಗ್ನಲ್ ಹುಡುಕುತ್ತ ಕಳೆದ ನಿಮಿಷ ವಾಪಸು ಬಾರದು. 2018ರ ಆಗಸ್ಟಿನಲ್ಲೂ 2024ರ ಜುಲೈಯಲ್ಲೂ ಅಲ್ಲಿ ಕುಸಿತದಿಂದ ಸಂಚಾರ ನಿಂತದ್ದು ನಿಮಗೇ ಗೊತ್ತಿದೆ.

ಗಸ್ತಿನವನ ಬಳಿ ಎರಡು ಕೈದೀಪ ಇರುವುದು ಇಂಥ ಹೊತ್ತಿಗೇ. ಒಂದು ದೀಪದಲ್ಲಿ ಕೆಂಪು ಮಾಡಿ ಕುಸಿತದ ಜಾಗದಲ್ಲಿ, ಆದಷ್ಟು ದೂರಕ್ಕೆ ಕಾಣುವ ಹಾಗೆ ನಿಲ್ಲಿಸಿ. ಇನ್ನೊಂದನ್ನು ಕೆಂಪು ತೋರಿಸುತ್ತ ಹಿಡಿದು, ಮೊದಲ ಗಾಡಿ ಬರಬೇಕಾದ ದಿಕ್ಕಿಗೆ ಓಡಿ. 600 ಮೀಟರಿನಲ್ಲಿ ಒಂದು ಡೆಟೊನೇಟರ್, 1200ರಲ್ಲಿ ಹತ್ತು ಮೀಟರ್ ಅಂತರಕ್ಕೆ ಮೂರು. ಹಿಂದಿರುಗಿ ಇನ್ನೊಂದು ದಿಕ್ಕಿಗೂ ಅದೇ. ಅಲ್ಲಿಗೆ ಎಂಟು ಖರ್ಚು, ಚೀಲದಲ್ಲಿ ಹತ್ತು ಇರುತ್ತವೆ. ಹೊರಡುವಾಗಲೇ ಎಣಿಸಿಕೊಳ್ಳಿ ಎನ್ನುವುದು ಸುಮ್ಮನಲ್ಲ. ಯಾವ ಗಾಡಿ ಎಲ್ಲಿಂದ ಎಷ್ಟು ಹೊತ್ತಿಗೆ ಎಂಬುದನ್ನೂ ಸ್ಟೇಷನ್ನಿನಲ್ಲಿ ಕೇಳಿಕೊಂಡೇ ಹೊರಡಬೇಕು, ಇಲ್ಲದಿದ್ದರೆ ಮೊದಲು ಯಾವ ಕಡೆ ಓಡುವುದು? ಓಡುತ್ತಲೇ ಫೋನ್ ಹತ್ತಿದರೆ ಒಳ್ಳೆಯದು, ಹತ್ತದಿದ್ದರೆ ಸಿಕ್ಕವರ ಕೈಲಿ ಸ್ಟೇಷನ್ನಿಗೆ ಸುದ್ದಿ ಕಳಿಸಿ.

ಅಕ್ಕಪಕ್ಕದ ಗಸ್ತಿನವರು ಗಡಿಯಲ್ಲಿ ಸೇರಿ ಗಸ್ತಿನ ಪುಸ್ತಕ ಬದಲಾಯಿಸಿಕೊಳ್ಳುವ ಪದ್ಧತಿಯೂ ಕಾವಲೇ. ಎದುರಿನವನು ಗಡಿಗೆ ಬರಲಿಲ್ಲ ಅಂದರೆ ಮಳೆಗೆ ಎಲ್ಲೋ ಕುಳಿತಿರಬೇಕು ಎಂದುಕೊಂಡು ವಾಪಸಾಗಬೇಡಿ, ಅವನು ಸಿಗುವ ತನಕ ಮುಂದೆ ನಡೆಯಿರಿ.

ಪ್ರಶ್ನೆ: ಮಂಜು ಕವಿದಾಗ ಸ್ಟೇಷನ್ನಿನವರು ಹಳಿಗೆ ಏನೋ ಕಟ್ಟುತ್ತಾರಲ್ಲ, ಅದೂ ಇದೇನಾ? (ಆನಂದಪುರ)

ವಸ್ತು ಅದೇ, ಕೆಲಸ ಬೇರೆ. ಸ್ಟೇಷನ್ನಿನ ಮೊದಲ ನಿಲುಗಡೆ ಸಿಗ್ನಲ್ಲಿಗೆ 270 ಮೀಟರ್ ಮೊದಲು, ಹತ್ತು ಮೀಟರ್ ಅಂತರದಲ್ಲಿ ಎರಡು ಡೆಟೊನೇಟರ್ ಇಡುತ್ತಾರೆ. ಸಿಗ್ನಲ್ ಹತ್ತಿರ ಬಂತು ಎಂದು ಚಾಲಕನಿಗೆ ತಿಳಿಸಲಷ್ಟೇ. 180 ಮೀಟರ್ ದೂರದ ಗುರುತು ಸ್ಟೇಷನ್ನಿನಿಂದ ಕಾಣದಾದಾಗ ಈ ಏರ್ಪಾಡು.

ಪ್ರಶ್ನೆ: ಮಕ್ಕಳಿಗೆ ಹಳಿಯ ಪಕ್ಕ ದುಂಡನೆಯ ತಗಡಿನ ಡಬ್ಬಿ ಸಿಕ್ಕಿದೆ, ಎರಡು ಬದಿಗೂ ಪಟ್ಟಿ ಇದೆ. ಬಿಸಾಡಬಹುದೇ? (ಕುಂಸಿ)

ಬೇಡ. ನೀವು ಹೇಳಿದ ಆಕಾರ ಡೆಟೊನೇಟರಿನದು, ಒಳಗೆ ಸ್ಫೋಟಕ ಇರುತ್ತದೆ. ಕಲ್ಲಿನಿಂದ ಕುಟ್ಟುವುದು, ಬೆಂಕಿಗೆ ಹಾಕುವುದು, ಗುಜರಿಗೆ ಕೊಡುವುದು ಮೂರೂ ಅಪಾಯ. ಈಗ ಅದು ಎಲ್ಲಿದೆಯೋ ಅಲ್ಲೇ ಇರಲಿ, ಮಕ್ಕಳನ್ನು ದೂರ ಕಳಿಸಿ ಹತ್ತಿರದ ಸ್ಟೇಷನ್ ಮಾಸ್ಟರಿಗೆ ತಿಳಿಸಿ, ಇಲ್ಲವೇ 139ಕ್ಕೆ ಕರೆ ಮಾಡಿ. ಹಳಿಗೆ ಬಿಗಿದದ್ದು ಕಂಡರಂತೂ ಕೀಳಲೇಬಾರದು: ಅದನ್ನು ನಂಬಿಕೊಂಡು ಮುಂದೆ ಯಾರೋ ಹಳಿಯ ಮೇಲೆ ಬಗ್ಗಿ ಕೆಲಸ ಮಾಡುತ್ತಿರುತ್ತಾರೆ. ಅಂದಹಾಗೆ ಹಳಿಯ ಮೇಲೆ ಅನುಮತಿಯಿಲ್ಲದೆ ಓಡಾಡುವುದೇ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಆರು ತಿಂಗಳ ತನಕ ಜೈಲು, ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು.