ಅಪ್ಪೆಯ ಗೊರಟೆ ನೆಟ್ಟರೆ ಅಪ್ಪೆಯೇ ಬರುತ್ತದಾ?

ಪ್ರಶ್ನೆ: ಹಳ್ಳದ ಬದಿಯ ಜೀರಿಗೆ ಅಪ್ಪೆಮರದ (ಮಿಡಿಗೆ ಜೀರಿಗೆ ಪರಿಮಳ ಇರುವ ಉಪ್ಪಿನಕಾಯಿ ಮಾವು) ಹಣ್ಣು ಹೆಕ್ಕಿ ಗೊರಟೆ ನೆಟ್ಟಿದ್ದೆ. ಒಂದೇ ಮೊಳಕೆ ಬಂತು. 11 ವರ್ಷ ಕಾದು ಈಗ ಮಿಡಿ ಕಂಡಿದ್ದೇನೆ. ಜೀರಿಗೆ ಪರಿಮಳವೇ ಇಲ್ಲ! ಮಣ್ಣಿನ ದೋಷವೇ?
– ಓದುಗರು, ಶಿರಸಿ

ಉತ್ತರ: ಮಣ್ಣನ್ನು ಬೈಯಬೇಡಿ. ನನಗೂ ಹೀಗೇ ಆಗಿದೆ. ನಾನು ನೆಟ್ಟ ಮರದ ಮಿಡಿ ಉಪ್ಪಿಗೆ ಹಾಕಿದರೆ ಮಳೆಗಾಲ ಕಳೆಯುವುದರೊಳಗೆ ಮೆತ್ತಗಾಗುತ್ತದೆ. ಮನೆಯಲ್ಲಿ ಅದಕ್ಕೆ 'ಮಾಸ್ತರ ಮರ' ಅಂತಲೇ ಹೆಸರು. ಅಪ್ಪೆಹುಳಿ ಎಂಬ ಮಾವಿನಕಾಯಿ ಸಾರಿಗೆ ಬಿಟ್ಟರೆ ಮತ್ತೊಂದಕ್ಕಾಗದು.

ಹಣ್ಣಿನ ತಾಯಿ ಯಾರೆಂದು ನಿಮಗೆ ಗೊತ್ತು. ಅಪ್ಪ? ನೊಣವೋ ಜೇನೋ ಯಾವ ಮರದ ಪರಾಗ ತಂದು ಹಾಕಿತೋ, ಯಾರು ನೋಡಿದ್ದಾರೆ? ಸಿಪ್ಪೆ, ತಿರುಳು, ಸೊನೆ ಎಲ್ಲ ತಾಯಿಮರದ್ದೇ. ಗೊರಟೆಯೊಳಗಿನ ಮೊಳಕೆ ಮಾತ್ರ ಇಬ್ಬರದ್ದು. ಅರ್ಧ ಜೀನು, ಅಂದರೆ ಗುಣ ಸಾಗಿಸುವ ವಂಶವಾಹಿ, ಅಮ್ಮನದು, ಅರ್ಧ ಅಪ್ಪನದು. ಅಮ್ಮ ಕೊಡುವ ಅರ್ಧವೂ ಗೊರಟೆಗೊಂದು ತರಹ, ಇಸ್ಪೀಟು ಎಲೆ ಕಲಸಿ ಹಂಚಿದ ಹಾಗೆ. ನಿಮ್ಮ ಕೈಗೆ ಜೀರಿಗೆ ಎಲೆ ಬೀಳಲಿಲ್ಲ, ಅಷ್ಟೇ.

ಕಾಟುಮಾವಿನ ಗಿಡಕ್ಕೆ ಅಪ್ಪೆಯ ಕಡ್ಡಿ ಕೂಡಿಸುವ ಕಸಿಯಲ್ಲಿ ಈ ಹಂಚಾಟ ಇಲ್ಲ. ಕಾಟುಮಾವಿನ ಬೇರು ನೀರು-ಗೊಬ್ಬರ ಎಳೆದು ಕೊಡುತ್ತದೆ, ಬೆಳವಣಿಗೆ ಹೆಚ್ಚುಕಮ್ಮಿ ಮಾಡೀತು. ಕಡ್ಡಿಯ ಜೀನು ಮಾತ್ರ ಹಾಗೇ ಇರುತ್ತದೆ.

ಅಂದಹಾಗೆ, ನಮ್ಮ ಪಶ್ಚಿಮ ಕರಾವಳಿಯ ಓಲೂರು, ಬಪ್ಪಕಾಯಿಯಂಥ ಮಾವಿನಲ್ಲಿ ಒಂದೇ ಗೊರಟೆಯಿಂದ ಎರಡು-ಮೂರು ಮೊಳಕೆ ಏಳುವುದುಂಟು. ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯಿಂದಲೇ ಹುಟ್ಟಿದವು, ಅವಳದೇ ಪಡಿಯಚ್ಚು. ನಿಮ್ಮದು ಒಂದೇ ಮೊಳಕೆ ಅಂದಿರಲ್ಲ, ಆಸೆ ಬಿಡಿ. ಮರ ಕಡಿಯಬೇಡಿ, ಮತ್ತೆ! ಅದರ ಮೇಲೇ ಒಳ್ಳೆ ಅಪ್ಪೆಯ ಕಡ್ಡಿ ಕಸಿ ಕಟ್ಟಿಸಿ.

ಪ್ರಶ್ನೆ: ಗಜನಿಯ (ಹೊಳೆ ಸಮುದ್ರ ಸೇರುವಲ್ಲಿನ ಉಪ್ಪುನೀರಿನ ಗದ್ದೆ) ಕಗ್ಗ ಭತ್ತ ಉಪ್ಪುನೀರು ತಾಳುತ್ತದೆ. ಅಂಗಡಿಯ ಭತ್ತಕ್ಕೂ ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಉಪ್ಪು ರೂಢಿ ಮಾಡಿಸಬಹುದಾ?
– ಓದುಗರು, ಕುಮಟಾ

ಉತ್ತರ: ರೂಢಿ ಗಿಡಕ್ಕೆ ಆದೀತು, ಬೀಜಕ್ಕೆ ಇಳಿಯುವುದಿಲ್ಲ. ನನ್ನ ಅಜ್ಜ ಜೀವನವಿಡೀ ಅಡಿಕೆ ಮರ ಹತ್ತಿದವ. ನನಗೆ ಏಣಿ ಹತ್ತಿದರೂ ಕಾಲು ನಡುಗುತ್ತದೆ.

ಅಘನಾಶಿನಿ ಗಜನಿಯಲ್ಲಿ ಆದದ್ದೇ ಬೇರೆ. ಹಳೆಯ ಭತ್ತದಲ್ಲಿ ಗಿಡಗಿಡಕ್ಕೂ ಸಣ್ಣ ವ್ಯತ್ಯಾಸ ಇರುತ್ತದೆ. ಉಪ್ಪು ಜಾಸ್ತಿಯಾದ ವರ್ಷ ತಾಳದವು ಸತ್ತವು. ಬದುಕಿದವುಗಳ ತೆನೆಯನ್ನೇ ಮಾಣಿಕಟ್ಟದಂಥ ಊರಿನ ರೈತರು ಬೀಜಕ್ಕೆ ತೆಗೆದಿಟ್ಟರು, ತಲೆಮಾರುಗಟ್ಟಲೆ. ನಿಮ್ಮ ಅಂಗಡಿ ಚೀಲದ ಕಾಳೆಲ್ಲ ಹೆಚ್ಚುಕಮ್ಮಿ ಒಂದೇ ತರಹ. ಆರಿಸಲಿಕ್ಕೆ ಏನಿದೆ? ಉಪ್ಪು ಏರಿದರೆ ಗದ್ದೆಗೆ ಗದ್ದೆಯೇ ಒಣಗುತ್ತದೆ.

ಪ್ರಶ್ನೆ: ಜೋಯಿಡಾ ದಾರಿಯಲ್ಲಿ ಕರಿಚಿರತೆ ಕಂಡೆ. ಬೇರೆ ಜಾತಿಯೇ?
– ಓದುಗರು, ಕಾರವಾರ

ಉತ್ತರ: ಅಲ್ಲ, ಚುಕ್ಕೆ ಚಿರತೆಯೇ. ಕಪ್ಪಿನ ಜೀನು ಅಪ್ಪ-ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಕಪ್ಪು. ಒಬ್ಬರಿಂದಲೇ ಬಂದರೆ ಸುಮ್ನೆ ಅಡಗಿ ಕೂತಿರುತ್ತದೆ. ಹೀಗೆ ಅಡಗಿಸಿಕೊಂಡ ಚುಕ್ಕೆ ಜೋಡಿಗೆ ಕಪ್ಪು ಮರಿ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೆಂಡೆಲ್ 1866ರಲ್ಲಿ ಬಟಾಣಿ ಎಣಿಸಿ ಬರೆದದ್ದೂ ಇದೇ ಲೆಕ್ಕ: ಉರುಟು 5474, ಸುಕ್ಕು 1850, ಅಂದರೆ ನಾಲ್ಕರಲ್ಲಿ ಸುಮಾರು ಒಂದು ಸುಕ್ಕು. ಮತ್ತೆ ಬಿಸಿಲಲ್ಲಿ ಸಿಕ್ಕರೆ ದೂರದಿಂದಲೇ ನೋಡಿ, ಕಪ್ಪಿನೊಳಗೆ ಚುಕ್ಕೆ ಕಾಣುತ್ತದೆ.