ಚಹಾಕ್ಕೆ ಮೊಬೈಲ್, ಶುಲ್ಕಕ್ಕೆ ಚಲನ್

ಪ್ರಶ್ನೆ: ನನ್ನ ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಹತ್ತು ರೂಪಾಯಿಯ ಚಹಾಕ್ಕೂ ಮೊಬೈಲ್ ತೆಗೆಯುವ ಅವಳು, ಪರೀಕ್ಷಾ ಶುಲ್ಕ ಕಟ್ಟುವಾಗ ಮಾತ್ರ ಚಲನ್ ತುಂಬಿ ಬ್ಯಾಂಕಿನ ಸರದಿಯಲ್ಲಿ ನಿಲ್ಲುತ್ತಾಳೆ. ವಿದ್ಯಾರ್ಥಿಗಳು ಆನ್‌ಲೈನ್ ಬ್ಯಾಂಕಿಂಗ್ ರೂಢಿಸಿಕೊಳ್ಳಲು ಯಾವುದು ಪ್ರೇರಣೆ, ಯಾವುದು ಅಡ್ಡಿ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮಗಳ ನಡೆಯಲ್ಲಿ ವಿರೋಧಾಭಾಸವೇನೂ ಇಲ್ಲ. ಹೊಸ ತಂತ್ರಜ್ಞಾನವನ್ನು ಜನ ಒಪ್ಪಿಕೊಳ್ಳಲು ಅದು ಉಪಯುಕ್ತ ಮತ್ತು ಬಳಸಲು ಸುಲಭ ಎಂಬ ಎರಡು ಭಾವನೆಗಳು ಮುಖ್ಯವೆಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ವಿವರಿಸಿದರು. ಸುತ್ತಲಿನವರ ಪ್ರಭಾವ ಮತ್ತು ಪೂರಕ ಸೌಲಭ್ಯಗಳನ್ನೂ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೆ ಸೇರಿಸಿದರು. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳನ್ನು ಮೊದಲು ಸೆಳೆಯುವುದು ಗೆಳೆಯರ ಬಳಗ. ಎಷ್ಟು ಮೊತ್ತದವರೆಗೆ ಮುಂದುವರಿಯಬೇಕೆಂಬುದನ್ನು ನಿರ್ಧರಿಸುವುದು ಹಣ ಕಳೆದುಹೋದೀತೆಂಬ ಭಯ.

2016ರಲ್ಲಿ ಯುಪಿಐ ಬಂದ ಮೇಲೆ ಹಾಸ್ಟೆಲಿನಲ್ಲಿ ನಾಲ್ವರು ಊಟ ಮಾಡಿ ಬಿಲ್ಲನ್ನು ಹಂಚಿಕೊಳ್ಳುವ ರೀತಿಯೇ ಬದಲಾಯಿತು. ಒಬ್ಬಳು ಹಣ ಕೊಡುತ್ತಾಳೆ, ಉಳಿದ ಮೂವರು ಕುಳಿತಲ್ಲೇ ತಮ್ಮ ಪಾಲು ಕಳಿಸುತ್ತಾರೆ. ಆ ಗುಂಪಿನಲ್ಲಿ ಯುಪಿಐ ಇಲ್ಲದವಳು ಪ್ರತಿ ಬಾರಿಯೂ ಸಾಲಗಾರಳಾಗುತ್ತಾಳೆ. ಆದರೆ ಚಹಾದ ಹತ್ತು ರೂಪಾಯಿ ತಪ್ಪಿ ಎಲ್ಲೋ ಹೋದರೆ ಬೇಸರವಷ್ಟೇ. ಮನೆಯವರು ಹೊಂದಿಸಿ ಕೊಟ್ಟ ಶುಲ್ಕದ ಹಣ ಖಾತೆಯಿಂದ ಕಡಿತವಾಗಿ ರಸೀದಿ ಮಾತ್ರ ಬಾರದೆ, ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದ್ದರೆ, ಕಟ್ಟಲು ಅದೇ ಕೊನೆಯ ದಿನವೂ ಆಗಿದ್ದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಮೊಹರು ಬಿದ್ದ ಚಲನ್ ಕೊಡುವ ಧೈರ್ಯ ಮುಖ್ಯವಾದುದೇ; ಅದನ್ನು ಹಳೆಯ ಕಾಲದ ಬುದ್ಧಿಯೆಂದು ದಯವಿಟ್ಟು ಹಳಿಯಬೇಡಿ.

ಸಂಶೋಧಕರು ಪೂರಕ ಸೌಲಭ್ಯ ಎಂದು ಕರೆಯುವುದು ನಮ್ಮ ಹಳ್ಳಿಗಳಲ್ಲಿ ಹಲವು ಬಾರಿ ಒಂದು ಸಿಮ್ ಕಾರ್ಡಿಗೆ ಬಂದು ನಿಲ್ಲುತ್ತದೆ. ಶಾಲಾ ದಿನಗಳಲ್ಲಿ ವಿದ್ಯಾರ್ಥಿವೇತನಕ್ಕಾಗಿ ತೆರೆದ ಖಾತೆಗೆ ತಂದೆಯ ಮೊಬೈಲ್ ಸಂಖ್ಯೆ ಕೊಟ್ಟಿದ್ದರೆ ಒಟಿಪಿ ಊರಿನಲ್ಲಿರುವ ಫೋನಿಗೆ ಹೋಗುತ್ತದೆ. ಆ ಖಾತೆಯಿಂದ ಹಣ ಕಟ್ಟಲು ಮಗಳು ತಂದೆಗೆ ಕರೆ ಮಾಡಿ, ಅವರು ಅಂಕಿಗಳನ್ನು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಒಟಿಪಿಯನ್ನು ಫೋನಿನಲ್ಲಿ ಹೇಳುವುದು ಆ ಮನೆಗೆ ಅಭ್ಯಾಸವಾಗಿಬಿಡುತ್ತದೆ. ವಂಚಕರಿಗೆ ಬೇಕಿರುವುದೂ ಅದೇ.

ಭಯ ತಗ್ಗಬೇಕಾದರೆ ಹಣ ಹೋದಾಗ ಏನು ಮಾಡಬೇಕೆಂಬುದು ಮೊದಲೇ ತಿಳಿದಿರಬೇಕು. ವಂಚನೆಯಾದ ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಗ್ರಾಹಕರದೂ ಬ್ಯಾಂಕಿನದೂ ಅಲ್ಲದ ಲೋಪದಿಂದ ಹಣ ಹೋದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ಗ್ರಾಹಕರ ಮೇಲೆ ಬೀಳದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ. ಪಿನ್ನನ್ನೋ ಒಟಿಪಿಯನ್ನೋ ತಾವೇ ಹೇಳಿಕೊಟ್ಟವರಿಗೆ ಈ ರಕ್ಷಣೆ ಸಿಗುವುದಿಲ್ಲ.

ಮಗಳು ಮುಂದಿನ ರಜೆಗೆ ಬಂದಾಗ ಪಾಸ್‌ಬುಕ್ ಹಿಡಿದು ಇಬ್ಬರೂ ಶಾಖೆಗೆ ಹೋಗಿ, ಖಾತೆಗೆ ಯಾರ ಸಂಖ್ಯೆ ಜೋಡಣೆಯಾಗಿದೆ ಎಂದು ಕೇಳಿ. ನಿಮ್ಮದಾಗಿದ್ದರೆ ಅವಳದನ್ನು ಬರೆಸಿ.