ಬೈಕ್ ಚೈನು, ಬೇರಿಂಗು, ಸರ್ಕ್ಯೂಟ್ ಬೋರ್ಡು ಎಲ್ಲಾನೂ ಪೆಟ್ರೋಲಲ್ಲೇ ತೊಳೀಬಹುದಾ?

ಬೇಡ ಮಾರಾಯ್ರೆ. ಮನೇಲಿ ಪೆಟ್ರೋಲ್ ಸುಲಭವಾಗಿ ಸಿಗುತ್ತೆ, ಜಿಡ್ಡೂ ಚೆನ್ನಾಗಿ ಬಿಡುತ್ತೆ ನಿಜ, ಆದ್ರೆ ಅದರ ಆವಿ ಸುಮಾರು ಮೈನಸ್ 40 ಡಿಗ್ರಿಯಲ್ಲೂ ಹತ್ಕೊಳ್ಳುತ್ತೆ, ಗಾಳಿಗಿಂತ ಭಾರ ಬೇರೆ, ನೆಲದ ಮೇಲೇ ಹರ್ಕೊಂಡು ಹೋಗಿ ಪಕ್ಕದ ರೂಮಲ್ಲಿ ಒಲೆನೋ ಸ್ವಿಚ್ಚಿನ ಕಿಡಿನೋ ಸಿಕ್ರೆ ಮುಗೀತು. ಜೊತೆಗೆ ಅದರಲ್ಲಿ ಬೆಂಜೀನ್ ಇರುತ್ತೆ, ಕ್ಯಾನ್ಸರ್ ತರೋ ವಸ್ತು.

ಚೈನು, ಬೇರಿಂಗಿಗೆ ಸೀಮೆಎಣ್ಣೆ ಸಾಕು, ಸಿಗದಿದ್ರೆ ಪೇಂಟ್ ಅಂಗಡೀಲಿ ಮಿನರಲ್ ಟರ್ಪೆಂಟೈನ್ ಕೇಳಿ. ಇವೂ ಉರಿಯೋವೇ, ಆದ್ರೆ ಪೆಟ್ರೋಲಿನಷ್ಟು ಅವಸರ ಇಲ್ಲ. ಸೀಮೆಎಣ್ಣೆ ತೆಳುವಾದ ಎಣ್ಣೆ ಪದರ ಬಿಡುತ್ತೆ, ಅದಕ್ಕೇ ಪೇಂಟ್ ಹೊಡೆಯೋ ಭಾಗ ಆದ್ರೆ ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ (ಬೇಗ ಆರಿಹೋಗೋ ಒಂಥರಾ ಸ್ಪಿರಿಟ್ಟು) ಒರೆಸ್ಬೇಕು. ಬೋರ್ಡಿಗೂ ಅದೇ, 99 ಪರ್ಸೆಂಟಿನದ್ದು ತಗೊಳ್ಳಿ, 70ರದ್ರಲ್ಲಿ ನೀರು ಜಾಸ್ತಿ, ಒಣಗೋಕೆ ಹೊತ್ತಾಗುತ್ತೆ. ಬ್ಯಾಟರಿ ಮೊದ್ಲು ಬಿಚ್ಚಿ.

ಥಿನ್ನರ್, ಅಸಿಟೋನ್ ಪ್ಲಾಸ್ಟಿಕ್ ಹತ್ರ ತರ್ಲೇಬೇಡಿ, ಎಬಿಎಸ್, ಅಕ್ರಿಲಿಕ್ ಥರದ ಪ್ಲಾಸ್ಟಿಕ್ ಎಲ್ಲಾ ಕರಗಿಸಿಬಿಡ್ತಾವೆ (ನಾನೊಂದು ಮೀಟರ್ ಕವರ್ ಹಾಗೇ ಹಾಳು ಮಾಡ್ಕೊಂಡಿದೀನಿ). ಸೀಮೆಎಣ್ಣೆಗೆ ನೈಟ್ರೈಲ್ (ಒಂಥರಾ ಕೃತಕ ರಬ್ಬರ್) ಗ್ಲೌಸ್ ನಡೆಯುತ್ತೆ, ಅಸಿಟೋನಿಗೆ ನಡೆಯಲ್ಲ.

ಕೆಲಸ ಹೊರಗಡೆ ಜಗಲೀಲೋ ಟೆರೇಸಲ್ಲೋ ಮಾಡಿ. ಕೊಳಕು ಸೀಮೆಎಣ್ಣೆನ ಮೋರಿಗೆ ಸುರೀಬೇಡಿ, ಮುಚ್ಚಳ ಇರೋ ಡಬ್ಬೀಲಿ ಎರಡು ದಿನ ಬಿಟ್ರೆ ಮಡ್ಡಿ ಕೆಳಗೆ ಕೂರುತ್ತೆ, ಮೇಲಿನದ್ದನ್ನ ಬಸಿದು ಮತ್ತೆ ಬಳಸ್ಬಹುದು. ಡಬ್ಬಿ ಮೇಲೆ ಹೆಸರು ಬರೀರಿ, ನೀರಿನ ಬಾಟ್ಲಿಗೆ ಮಾತ್ರ ತುಂಬಿಸ್ಬೇಡಿ.